ನೋವೂ ನಾದವೂ

ಕಲೆಯಲ್ಲಿ ಭಾವವು ತೀವ್ರವಾಗಬೇಕಾದರೆ ಕಲಾವಿದನ ಬಾಳು ನೊಂದಿರಲೇಬೇಕೆಂಬ ನಂಬಿಕೆಯೊಂದು ಲೋಕದಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ. ಗಾಯಕನೊಬ್ಬನ ಕಂಠದಿಂದ ಕರುಣರಸವು ಹೊರಹೊಮ್ಮಿ ಸಭೆಯ ಕಣ್ಣುಗಳು ತೇವವಾದರೆ, "ಪಾಪ, ಎಷ್ಟು ಕಷ್ಟಪಟ್ಟ ಜೀವವೋ! ಅದರಿಂದಲೇ ಹೀಗೆ ಹಾಡುತ್ತಾನೆ" ಎಂದು ಪಕ್ಕದವರು ಪಿಸುಗುಟ್ಟುವುದು ವಾಡಿಕೆ. ಇದು ಬರಿಯ ಜಗಲಿಯ ಹರಟೆಯಾಗಿದ್ದರೆ ನಾವು ಇದನ್ನು ವಿಚಾರಕ್ಕೆ ಎತ್ತಿಕೊಳ್ಳಬೇಕಾಗಿರಲಿಲ್ಲ. ಆದರೆ ಈ ನಂಬಿಕೆಯಿಂದ ಎರಡು ಅನರ್ಥಗಳುಂಟು. ಮೊದಲನೆಯದು, ಎಳೆಯ ವಿದ್ಯಾರ್ಥಿಯು ಸಾಧನೆಯನ್ನು ಬಿಟ್ಟು ಸಂಕಟವನ್ನೇ ಅರಸಿಕೊಂಡು ಹೋಗುವುದು, ಮದ್ಯವೇ ಮೊದಲಾದ ಚಟಗಳನ್ನು ಪ್ರತಿಭೆಯ ಲಕ್ಷಣವೆಂದು ಭ್ರಮಿಸುವುದು. ಎರಡನೆಯದು, ಕಲಾವಿದನು ನಿಜವಾಗಿ ರೋಗದಲ್ಲಿಯೋ ದಾರಿದ್ರ್ಯದಲ್ಲಿಯೋ ಬೇಯುತ್ತಿರುವಾಗ, "ಅದು ಅವನ ಕಲೆಗೆ ಒಳ್ಳೆಯದೇ" ಎಂದು ಸಮಾಜವು ಕೈಕಟ್ಟಿ ಕುಳಿತುಕೊಳ್ಳುವುದು. ಆದುದರಿಂದ ನೋವಿಗೂ ನಾದಕ್ಕೂ ಇರುವ ಸಂಬಂಧವೇನೆಂಬುದನ್ನು ಕೊಂಚ ನಿಧಾನವಾಗಿ ಪರಿಶೀಲಿಸೋಣ.

ದೂರದ ಉದಾಹರಣೆಗಳಿಗೆ ಹೋಗುವ ಮುನ್ನ ನಮ್ಮ ಹಳ್ಳಿಯ ಬಾಳಿನಿಂದಲೇ ಆರಂಭಿಸಬಹುದು. ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯ ಸೀಮೆಯಲ್ಲಿ, ನಾಡಿನ ಇತರ ಹಳ್ಳಿಗಳಲ್ಲಿರುವಂತೆಯೇ, ಸಾವಿನ ಮನೆಯಲ್ಲಿ ಹೆಂಗಸರು ರಾಗವೆಳೆದು ಅಳುವುದುಂಟು. ಸತ್ತವರ ಗುಣಗಳನ್ನು ಒಂದೊಂದಾಗಿ ಹೇಳಿಕೊಂಡು, ಸಾಲಿನ ಕೊನೆಯಲ್ಲಿ ಸ್ವರವನ್ನು ಇಳಿಸಿ, ಮತ್ತೆ ಮೇಲೆತ್ತಿ ಅಳುತ್ತಾರೆ. ಮದುವೆಯ ಮನೆಯಲ್ಲಿ ಹೆಣ್ಣೊಪ್ಪಿಸುವ ಹಾಡನ್ನು ಹೇಳುವಾಗಲೂ ಕಣ್ಣೀರು ಬರುತ್ತದೆ. ಇವೆರಡಕ್ಕೂ ಇರುವ ಭೇದವನ್ನು ಗಮನಿಸಬೇಕು. ಮಗನನ್ನು ಕಳೆದುಕೊಂಡ ತಾಯಿಯ ರೋದನವನ್ನು ಕೇಳಿದಾಗ ನಮಗೆ ಆಗುವುದು ದುಃಖ. ಅಲ್ಲಿಂದ ಎದ್ದು ಹೋಗೋಣವೆನ್ನಿಸುತ್ತದೆ, ಇಲ್ಲವೇ ಆಕೆಯನ್ನು ಹಿಡಿದು ಸಂತೈಸೋಣವೆನ್ನಿಸುತ್ತದೆ. ಹೆಣ್ಣೊಪ್ಪಿಸುವ ಹಾಡನ್ನು ಹೇಳುವ ಮುತ್ತೈದೆಯಾದರೋ ಅನೇಕ ವೇಳೆ ಆ ಹುಡುಗಿಯ ತಾಯಿಯಲ್ಲ. ನೆರೆಮನೆಯವಳು, ಕಂಠ ಚೆನ್ನಾಗಿರುವವಳು. ಅವಳ ಮಗಳು ಅಂದು ಎಲ್ಲಿಗೂ ಹೋಗುತ್ತಿಲ್ಲ. ಹಾಗಿದ್ದರೂ ಚಪ್ಪರದ ಕೆಳಗಿನ ಜನವೆಲ್ಲ ಅವಳ ಹಾಡಿಗೆ ಕರಗುತ್ತದೆ. ಕರಗಿದರೂ ಎದ್ದು ಹೋಗಲು ಯಾರಿಗೂ ಮನಸ್ಸಾಗುವುದಿಲ್ಲ. ಇನ್ನೊಂದು ಪದವನ್ನು ಹೇಳೆಂದೇ ಕೇಳುತ್ತಾರೆ. ನೋವು ಕಲೆಯಾಗುವುದು ಈ ಎರಡು ಸನ್ನಿವೇಶಗಳ ನಡುವಿನ ದಾರಿಯಲ್ಲಿ.

ಇನ್ನೊಂದು ನಿದರ್ಶನ. ಕೆರೆಗೆ ಸೊಸೆಯನ್ನು ಆಹುತಿಕೊಟ್ಟ 'ಕೆರೆಗೆ ಹಾರ'ದ ಕಥನಗೀತವನ್ನು ಅರಿಯದ ಕನ್ನಡಿಗರು ವಿರಳ. ನೀರು ನಿಲ್ಲದ ಕೆರೆ, ಹಾರವಾಗಲು ಆರಿಸಲ್ಪಟ್ಟ ಕಿರಿಸೊಸೆ ಭಾಗೀರಥಿ, ತವರಿಗೂ ಗೆಳತಿಗೂ ಹೇಳಿ ತಾನಾಗಿಯೇ ನಡೆದುಹೋಗುವ ಅವಳ ಶಾಂತಿ, ದಂಡಿನಿಂದ ಹಿಂದಿರುಗಿದ ಗಂಡನ ಗತಿ, ಇವನ್ನು ಕೇಳಿ ಎದೆ ಬಿರಿಯದವರಾರು? ಕೆರೆಯ ಹೆಸರನ್ನೇ ಊರಿನ ಹೆಸರಾಗಿ ಪಡೆದ, ಕೆರೆ ತುಂಬಿದರೆ ಬಾಳು, ಬತ್ತಿದರೆ ಗೋಳು ಎಂಬುದನ್ನು ತಲೆಮಾರುಗಳಿಂದ ಕಂಡ ನಮ್ಮಂಥ ಬಯಲುಸೀಮೆಯವರಿಗೆ ಆ ಹಾಡು ಇನ್ನೂ ಹತ್ತಿರ. ಆದರೆ ಅದನ್ನು ಕಟ್ಟಿದವರು ಯಾರು? ಅವರು ಸುಖಿಗಳೋ ದುಃಖಿಗಳೋ? ಒಬ್ಬರೋ ಹಲವರೋ? ಅವರ ಬಾಳನ್ನು ಕುರಿತು ಒಂದಕ್ಷರವೂ ಉಳಿದಿಲ್ಲ. ಪುಣ್ಯಕೋಟಿಯ ಹಾಡಿನ ಸಂಗತಿಯೂ ಹಾಗೆಯೇ. ಕರ್ತೃವಿನ ಸಂಕಟವನ್ನು ತಿಳಿಯದೆಯೇ ನಾವು ಅತ್ತಿದ್ದೇವೆ. ಆದುದರಿಂದ ಆ ಕಣ್ಣೀರಿನ ಕಾರಣವು ಕರ್ತೃವಿನ ಜೀವನಚರಿತ್ರೆಯಲ್ಲ, ಕೃತಿಯ ಕಟ್ಟಡದಲ್ಲಿದೆ ಎಂದಾಯಿತು. ರೇಡಿಯೋ ಯಂತ್ರವೂ ಇದನ್ನೇ ಸಾರುತ್ತದೆ. ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದಂದಿನಿಂದ ಮುಖವಿಲ್ಲದ, ಚರಿತ್ರೆಯಿಲ್ಲದ ಬರಿಯ ಕಂಠವು ನಮ್ಮ ನಾಡಿನ ಮನೆಗಳಿಗೆ ಬಂದು ಮನಸ್ಸನ್ನು ಕಲಕಿದೆಯಷ್ಟೆ.

ನಮ್ಮ ಪ್ರಾಚೀನ ಲಾಕ್ಷಣಿಕರು ಈ ಪ್ರಶ್ನೆಯನ್ನು ಬಹು ಸೂಕ್ಷ್ಮವಾಗಿ ಬಿಡಿಸಿದ್ದಾರೆ. ಭರತಮುನಿಯು ಭಾವವನ್ನೂ ರಸವನ್ನೂ ಬೇರೆ ಬೇರೆಯಾಗಿ ಎಣಿಸಿದನು. ಲೋಕದಲ್ಲಿ ನಮಗಾಗುವ ಶೋಕವು ಭಾವ. ಅದು ತಕ್ಕ ಸಾಮಗ್ರಿಯಿಂದ ಪಕ್ವವಾಗಿ ಆಸ್ವಾದಕ್ಕೆ ಒದಗಿದಾಗ ಕರುಣವೆಂಬ ರಸ. ಹುಣಸೆಯೂ ಮೆಣಸೂ ಒಂದೊಂದಾಗಿ ನಾಲಗೆಯನ್ನು ಸುಡುವುವು. ಸಾರಾಗಿ ಕುದಿದ ಮೇಲೆ ಅವೇ ರುಚಿ. ಕ್ರೌಂಚಪಕ್ಷಿಯ ವಧೆಯನ್ನು ಕಂಡ ವಾಲ್ಮೀಕಿಯ ಶೋಕವೇ ಶ್ಲೋಕವಾಯಿತೆಂದು ಒಂಬತ್ತನೆಯ ಶತಮಾನದ ಆನಂದವರ್ಧನನು ಹೇಳಿದನು. ಅದಕ್ಕೆ ವ್ಯಾಖ್ಯಾನ ಬರೆದ ಕಾಶ್ಮೀರದ ಅಭಿನವಗುಪ್ತನು ಮುಖ್ಯವಾದ ಎಚ್ಚರಿಕೆಯೊಂದನ್ನು ಸೇರಿಸಿದನು: ಆ ಶೋಕವನ್ನು ಮುನಿಯ ಸ್ವಂತ ದುಃಖವೆಂದು ತಿಳಿಯಬಾರದು, ಋಷಿಯು ಸ್ವತಃ ದುಃಖದಲ್ಲಿ ಮುಳುಗಿದ್ದರೆ ಶ್ಲೋಕವೆಲ್ಲಿಂದ ಬರಬೇಕು? ಸ್ವಂತದ ಕಟ್ಟನ್ನು ಕಳಚಿಕೊಂಡು ಎಲ್ಲರದೂ ಆಗಿ ನಿಂತ ಶೋಕವೇ ಕಾವ್ಯಕ್ಕೆ ಬೀಜ. ಇದನ್ನೇ ಸಾಧಾರಣೀಕರಣವೆಂದು ಕರೆದರು. ಹೆಣ್ಣೊಪ್ಪಿಸುವ ಹಾಡಿನ ನೆರೆಮನೆಯವಳು ಈ ಶಾಸ್ತ್ರವನ್ನು ಓದಿಲ್ಲ. ಆದರೆ ಅವಳು ಮಾಡುವುದು ಇದನ್ನೇ.

ಸಂಗೀತದಲ್ಲಿ ಈ ಪಾಕವು ನಡೆಯುವುದು ಹೇಗೆ? ಭರತನು ಗಾಂಧಾರ ನಿಷಾದಗಳನ್ನು ಕರುಣಕ್ಕೂ, ಮಧ್ಯಮ ಪಂಚಮಗಳನ್ನು ಹಾಸ್ಯ ಶೃಂಗಾರಗಳಿಗೂ ವಿಧಿಸಿದ್ದಾನೆ. ಮುಂದಿನವರು ಮುಖಾರಿ, ಶುಭಪಂತುವರಾಳಿ ಮುಂತಾದ ರಾಗಗಳಿಗೆ ಶೋಕದ ಮುದ್ರೆಯೊತ್ತಿದರು. ಇದರಲ್ಲಿ ಸತ್ಯಾಂಶವಿದ್ದರೂ ಇದೇ ಪೂರ್ಣಸತ್ಯವಲ್ಲ. ಮುಖಾರಿಯೆಂದರೆ ಅಳುವ ರಾಗವೆಂದು ಜನ ಹೇಳುತ್ತಾರೆ. ಆದರೆ ತ್ಯಾಗರಾಜರು ಶಬರಿಯ ಭಾಗ್ಯವನ್ನು ಬಣ್ಣಿಸಿ ಬೆರಗಾಗುವ ಕೃತಿಯನ್ನು ಮುಖಾರಿಯಲ್ಲಿಯೇ ರಚಿಸಿದ್ದಾರೆ. ಅಲ್ಲಿ ತುಂಬಿರುವುದು ಧನ್ಯತೆ. ಸ್ವರಗಳ ಆಯ್ಕೆಯಷ್ಟೇ ಅಲ್ಲದೆ, ಗಮಕದ ತೂಕ, ಕಾಲಪ್ರಮಾಣ, ಸ್ವರವೊಂದನ್ನು ಎಷ್ಟು ಹೊತ್ತು ಹಿಡಿದು ಎಲ್ಲಿ ಬಿಡಬೇಕೆಂಬ ವಿವೇಕ, ಎರಡು ಸಂಚಾರಗಳ ನಡುವಣ ಮೌನ, ಇವೆಲ್ಲ ಕೂಡಿದಾಗ ಭಾವವು ಮೂಡುತ್ತದೆ. ಇವಾವುವೂ ಕೇವಲ ಅತ್ತುದರಿಂದ ಬರುವುವಲ್ಲ. ನಿಜವಾಗಿ ಅಳುತ್ತಿರುವವನ ಗಂಟಲು ಬಿಗಿಯುತ್ತದೆ, ಉಸಿರು ಮುರಿಯುತ್ತದೆ, ಶ್ರುತಿ ತಪ್ಪುತ್ತದೆ. ಕೇಳುವವರನ್ನು ಅಳಿಸುವವನ ಉಸಿರು ಅವನ ವಶದಲ್ಲಿರಬೇಕು. ಪಿಟೀಲು ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರಲ್ಲಿ ಹದಿನೆಂಟು ವರ್ಷಗಳ ಕಾಲ ಗುರುಕುಲವಾಸ ಮಾಡಿದರೆಂಬುದನ್ನು ನೆನೆದರೆ, ಭಾವಕ್ಕೆ ಹಿಂದೆ ಎಷ್ಟು ಅಭ್ಯಾಸವು ನಿಂತಿದೆಯೆಂಬುದು ವಿಶದವಾಗುವುದು.

ಹಾಗಾದರೆ ನೊಂದ ಬಾಳಿಗೂ ಕಲೆಗೂ ಸಂಬಂಧವೇ ಇಲ್ಲವೆ? ಇದೆ, ಆದರೆ ಜನರು ತಿಳಿದ ರೀತಿಯಲ್ಲಿ ಅಲ್ಲ. ಕನ್ನಡನಾಡಿನಲ್ಲಿ ಹುಟ್ಟಿದ ಮೂವರು ಮಹಾಗಾಯಕರ ಚರಿತ್ರೆಯಿಂದ ಇದನ್ನು ಅರಿಯಲು ಯತ್ನಿಸೋಣ.

ಕುಮಾರ ಗಂಧರ್ವರೆಂದು ಖ್ಯಾತರಾದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರು ೧೯೨೪ರಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದರು. ಬಾಲ್ಯದಲ್ಲಿಯೇ ಅದ್ಭುತ ಗಾಯಕರೆನ್ನಿಸಿ, ಮುಂಬಯಿಯಲ್ಲಿ ಬಿ. ಆರ್. ದೇವಧರರ ಶಿಷ್ಯರಾಗಿ ಬೆಳೆದರು. ೧೯೪೭ರಲ್ಲಿ ಭಾನುಮತಿಯವರೊಡನೆ ವಿವಾಹವಾಯಿತು. ಆ ಹೊತ್ತಿಗೆ ಕ್ಷಯರೋಗವು ಅವರನ್ನು ಹಿಡಿಯಿತು. ಒಣಹವೆಯನ್ನು ಬಯಸಿ ಮಧ್ಯಭಾರತದ ದೇವಾಸಕ್ಕೆ ಹೋಗಿ ನೆಲಸಿದರು. ವೈದ್ಯರು ಹಾಡಕೂಡದೆಂದು ವಿಧಿಸಿದರು. ಹಾಡುವುದೇ ಉಸಿರಾಗಿದ್ದ ಇಪ್ಪತ್ತು ಚಿಲ್ಲರೆ ವಯಸ್ಸಿನ ತರುಣನು ವರ್ಷಗಟ್ಟಲೆ ಹಾಸಿಗೆಯಲ್ಲಿ ಮೌನವಾಗಿ ಮಲಗಬೇಕಾದ ಸಂಕಟವನ್ನು ಊಹಿಸಿಕೊಳ್ಳಬಹುದು. ಒಂದು ಶ್ವಾಸಕೋಶವು ಶಾಶ್ವತವಾಗಿ ಕೆಟ್ಟಿತು. ಆದರೆ ಮಲಗಿದ್ದ ಆ ಕಾಲದಲ್ಲಿ ಅವರ ಕಿವಿ ಮಲಗಲಿಲ್ಲ. ಮಾಳವದ ಹಳ್ಳಿಗರ ಹಾಡುಗಳು, ನಾಥಪಂಥದ ಜೋಗಿಗಳ ನಿರ್ಗುಣಪದಗಳು ಕಿವಿಗೆ ಬಿದ್ದವು. ನಾಲ್ಕೈದು ಸ್ವರಗಳ ಒಂದು ಜನಪದ ಧಾಟಿಯೊಳಗೆ ರಾಗವೊಂದು ಬೀಜರೂಪದಲ್ಲಿ ಅಡಗಿರುವುದನ್ನು ಅವರು ಕಂಡುಕೊಂಡರು. ಕಾಯಿಲೆ ಇಳಿದು ೧೯೫೩ರ ಸುಮಾರಿಗೆ ಮತ್ತೆ ವೇದಿಕೆಯನ್ನೇರಿದಾಗ ಅವರ ಗಾನವು ಬೇರೆಯಾಗಿತ್ತು. ದೀರ್ಘವಾದ ಉಸಿರಿನ ಬದಲು ಚಿಕ್ಕಚಿಕ್ಕ, ಆದರೆ ಬಾಣದಂತೆ ನಾಟುವ ಸಂಚಾರಗಳು. ಜನಪದ ಧಾಟಿಗಳಿಂದ ಮೂಡಿದ ಹೊಸ ರಾಗಗಳು. ಕಬೀರನ ನಿರ್ಗುಣ ಭಜನೆಗಳಲ್ಲಿ ಒಂದು ಬಗೆಯ ನಿರ್ಜನ ವೈರಾಗ್ಯ.

ಇದನ್ನು ನೋಡಿ, "ಕ್ಷಯವೇ ಕುಮಾರ ಗಂಧರ್ವರನ್ನು ಮಾಡಿತು" ಎನ್ನುವವರುಂಟು. ನಾವು ಇದನ್ನು ಒಪ್ಪಲಾರೆವು. ಆ ಕಾಲದಲ್ಲಿ ಅದೇ ರೋಗದಿಂದ ಮಡಿದವರು ಲಕ್ಷಾಂತರ ಮಂದಿ; ಅವರಲ್ಲಿ ಎಷ್ಟು ಕಂಠಗಳು ಶಾಶ್ವತವಾಗಿ ಅಡಗಿದವೋ ಬಲ್ಲವರಾರು? ಕುಮಾರರನ್ನು ಉಳಿಸಿದ್ದು ೧೯೪೩ರಲ್ಲಿ ಅಮೆರಿಕದಲ್ಲಿ ಕಂಡುಹಿಡಿಯಲ್ಪಟ್ಟು ಆಗತಾನೆ ನಮ್ಮ ದೇಶಕ್ಕೆ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ, ಮತ್ತು ಭಾನುಮತಿಯವರ ಶುಶ್ರೂಷೆ. ರೋಗವು ಅವರಿಂದ ಉಸಿರನ್ನು ಕಸಿದುಕೊಂಡಿತು, ಅಷ್ಟೆ. ಕಸಿದುಹೋದುದರಲ್ಲಿ ಉಳಿದುದನ್ನು ಹೇಗೆ ಬಳಸಬೇಕೆಂಬುದನ್ನು ಕಲಿಸಿದ್ದು ಬಾಲ್ಯದಿಂದ ಪಡೆದ ವಿದ್ಯೆ. ಆ ಭಾನುಮತಿಯವರೂ ೧೯೬೧ರಲ್ಲಿ ಪ್ರಸವಕಾಲದಲ್ಲಿ ತೀರಿಕೊಂಡರು. ಆ ಪೆಟ್ಟನ್ನೂ ಸಹಿಸಿ ೧೯೯೨ರವರೆಗೆ ಅವರು ಬಾಳಿ ಹಾಡಿದರು.

ಎರಡನೆಯವರು ಗಂಗೂಬಾಯಿ ಹಾನಗಲ್. ೧೯೧೩ರಲ್ಲಿ ಧಾರವಾಡದಲ್ಲಿ ಹುಟ್ಟಿದ ಈಕೆಯ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳಿಗೆ ಹಿಂದೂಸ್ತಾನಿ ಪದ್ಧತಿಯಲ್ಲಿ ಒಲವು ಹುಟ್ಟಿದಾಗ, ಅವಳ ಕಿವಿಗೆ ಎರಡು ಪದ್ಧತಿಗಳು ಬೆರೆತು ತೊಡಕಾಗಬಾರದೆಂದು ಆ ತಾಯಿ ತನ್ನ ಹಾಡನ್ನೇ ನಿಲ್ಲಿಸಿದಳು. ಸಂಗೀತದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತ್ಯಾಗವನ್ನು ನಾವು ಹೆಚ್ಚಾಗಿ ಕೇಳಿಲ್ಲ. ಗಾಯಕಿಯರ ಮನೆತನದಲ್ಲಿ ಹುಟ್ಟಿದುದಕ್ಕಾಗಿ ಜಾತಿಯ ಹೆಸರಿನ ಅವಮಾನಗಳನ್ನು ಗಂಗೂಬಾಯಿ ಚಿಕ್ಕಂದಿನಿಂದ ಉಂಡರು. ೧೯೨೪ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತಗೀತೆಯನ್ನು ಹಾಡಿದ ಬಾಲೆಯರಲ್ಲಿ ಅವರೂ ಒಬ್ಬರು. ೧೯೩೨ರಲ್ಲಿ ತಾಯಿ ತೀರಿಕೊಂಡರು. ಸಂಸಾರದ ಹೊರೆ ಹೆಗಲಿಗೆ ಬಂತು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಬಳಿ ಪಾಠ ಹೇಳಿಸಿಕೊಂಡರು. ಗುರುಗಳು ಹೇಳಿಕೊಟ್ಟ ರಾಗಗಳು ಕೆಲವೇ. ಆದರೆ ಒಂದೊಂದು ಸ್ವರಪುಂಜವನ್ನೂ ದಿನಗಟ್ಟಲೆ ತಿದ್ದಿ ತೀಡಿದ್ದು. ಮೊದಲು ತೆಳುವಾಗಿದ್ದ ಅವರ ದನಿ ಗಂಟಲಿನ ಬೇನೆಯ ಅನಂತರ ಗಡುಸಾಯಿತು. ಹೆಣ್ಣಿನ ದನಿಯೆಂದರೆ ಕೋಗಿಲೆಯಂತಿರಬೇಕೆಂದು ನಂಬಿದ್ದ ಕಾಲದಲ್ಲಿ ಬೇರೆಯವರಾಗಿದ್ದರೆ ಎದೆಗುಂದುತ್ತಿದ್ದರು. ಅವರಾದರೋ ಆ ಘನವಾದ ದನಿಯನ್ನೇ ತಮ್ಮ ಗಾಯನದ ಗಾಂಭೀರ್ಯವನ್ನಾಗಿ ಮಾಡಿಕೊಂಡರು. ೨೦೦೪ರಲ್ಲಿ, ವೇದಿಕೆಯಲ್ಲಿ ಜತೆಗೂಡಿ ಹಾಡುತ್ತಿದ್ದ ಮಗಳು ಕೃಷ್ಣಾ ಅವರನ್ನೂ ಕಳೆದುಕೊಂಡರು. ೨೦೦೯ರಲ್ಲಿ ಗಂಗೂಬಾಯಿಯವರು ತೀರಿಕೊಂಡರು. ಅವರ ಗಾನದಲ್ಲಿ ಗೋಳಿಲ್ಲವೆಂಬುದನ್ನು ಕೇಳಿದವರೆಲ್ಲ ಬಲ್ಲರು. ಅಷ್ಟು ಸಂಕಟವುಂಡವರು ತಮ್ಮ ಸಂಕಟವನ್ನು ಸಭೆಗೆ ತೋರಿಸಲಿಲ್ಲ. ಸಂಕಟದಿಂದ ಗಳಿಸಿದ ಸ್ಥೈರ್ಯವನ್ನು ತೋರಿಸಿದರು.

ಮೂರನೆಯವರು ಅವರ ಗುರುಬಂಧು ಭೀಮಸೇನ ಜೋಶಿ. ೧೯೨೨ರಲ್ಲಿ ರೋಣದಲ್ಲಿ ಹುಟ್ಟಿದ ಇವರು ಹನ್ನೊಂದನೆಯ ವಯಸ್ಸಿನಲ್ಲಿ, ೧೯೩೩ರಲ್ಲಿ, ಗುರುವನ್ನು ಅರಸುತ್ತ ಮನೆ ಬಿಟ್ಟರು. ಉತ್ತರದೇಶವನ್ನೆಲ್ಲ ಅಲೆದು, ಕಡೆಗೆ ೧೯೩೬ರಲ್ಲಿ ತಮ್ಮ ಊರಿಗೆ ಅನತಿದೂರದ ಕುಂದಗೋಳದಲ್ಲಿಯೇ ಸವಾಯಿ ಗಂಧರ್ವರ ಪಾದವನ್ನು ಸೇರಿದರು. ಕೀರ್ತಿ ಬಂದ ಮೇಲೆ ಮದ್ಯದ ಚಟವೂ ಅವರಿಗೆ ಅಂಟಿತು. ಅದರಿಂದ ಕಛೇರಿಗಳು ಕೆಟ್ಟುದೂ ಉಂಟು. ಇದನ್ನು ಅವರು ಮರೆಮಾಚಲಿಲ್ಲ. ಕಡೆಗೆ ಛಲತೊಟ್ಟು ಅದನ್ನು ತ್ಯಜಿಸಿದರು; ೨೦೧೧ರಲ್ಲಿ ತೀರಿಕೊಳ್ಳುವ ಮುನ್ನ ಭಾರತರತ್ನದವರೆಗಿನ ಗೌರವಗಳನ್ನು ಪಡೆದರು. ಕುಡಿದಾಗ ಚೆನ್ನಾಗಿ ಹಾಡುತ್ತಿದ್ದರೆಂದು ಕಥೆ ಕಟ್ಟುವವರಿಗೆ ಒಂದು ಮಾತು ಸಾಕು: ಕುಡಿತವು ಅವರಿಗೆ ಒಂದು ತಾನವನ್ನೂ ಕೊಡಲಿಲ್ಲ; ತಾನಗಳೆಲ್ಲ ಕುಂದಗೋಳದಲ್ಲಿ, ಗುರುವಿನ ಮನೆಗೆ ನೀರು ಹೊತ್ತ ದಿನಗಳಲ್ಲಿ ಬಂದುವು.

ಪಶ್ಚಿಮದೇಶಗಳ ಚರಿತ್ರೆಯೂ ಇದಕ್ಕೆ ಸಾಕ್ಷಿ ಹೇಳುತ್ತದೆ. ಕಿವುಡು ಆವರಿಸುತ್ತಿದ್ದ ಬೀಥೋವನ್ ೧೮೦೨ರಲ್ಲಿ ಹೈಲಿಗೆನ್‌ಸ್ಟಾಟ್ ಎಂಬ ಹಳ್ಳಿಯಿಂದ ತಮ್ಮಂದಿರಿಗೆ ಬರೆದ ಪತ್ರದಲ್ಲಿ, ಪ್ರಾಣವನ್ನು ಬಿಡಬೇಕೆನಿಸಿದ್ದನ್ನೂ ತನ್ನನ್ನು ತಡೆದದ್ದು ಕಲೆಯೆಂಬುದನ್ನೂ ತೋಡಿಕೊಂಡನು. ಅಲ್ಲಿ ನೋವು ಕಲೆಯನ್ನು ಹಡೆಯಲಿಲ್ಲ. ಕಲೆಯೇ ನೊಂದವನನ್ನು ಉಳಿಸಿತು. ರಾಬರ್ಟ್ ಶೂಮನ್ ಎಂಬ ಜರ್ಮನ್ ವಾಗ್ಗೇಯಕಾರನು ಮನೋವ್ಯಾಧಿಯಿಂದ ೧೮೫೪ರಲ್ಲಿ ರೈನ್ ನದಿಗೆ ಹಾರಿದನು. ಬೆಸ್ತರು ಎತ್ತಿ ಉಳಿಸಿದರೂ ಎರಡು ವರ್ಷಗಳ ಬಳಿಕ ಮನೋರೋಗಿಗಳ ಆಶ್ರಯದಲ್ಲಿ ಸತ್ತನು. ಅವನ ಅತ್ಯುತ್ತಮ ಗೀತಗಳ ಬಹುಭಾಗವು ಹುಟ್ಟಿದುದು ಪ್ರೀತಿಸಿದ ಕ್ಲಾರಾಳನ್ನು ಮದುವೆಯಾದ ೧೮೪೦ರಲ್ಲಿ. ಕಡೆಯ ಎರಡು ವರ್ಷಗಳಲ್ಲಿ ಹೇಳಿಕೊಳ್ಳುವಂಥದೇನೂ ಬರಲಿಲ್ಲ. ವೈಸ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ೧೯೯೪ರಲ್ಲಿ ಶೂಮನ್ನನ ಕೃತಿಗಳನ್ನು ವರ್ಷವರ್ಷಕ್ಕೆ ಎಣಿಸಿ ನೋಡಿ, ಚಿತ್ತವು ಉಬ್ಬಿದ್ದ ವರ್ಷಗಳಲ್ಲಿ ಕೃತಿಗಳ ಸಂಖ್ಯೆ ಹೆಚ್ಚಿತೇ ಹೊರತು ಗುಣವು ಹೆಚ್ಚಲಿಲ್ಲವೆಂದು ನಿರ್ಧರಿಸಿದರು.

ಇಲ್ಲಿ ನಮ್ಮ ಮೈಸೂರಿಗೆ ಸಲ್ಲುವ ಹೆಮ್ಮೆಯ ಸಂಗತಿಯೊಂದನ್ನು ಹೇಳದೆ ಮುಂದೆ ಹೋಗಲಾಗದು. ನಿಕೊಲಾಯ್ ಮೆಡ್ಟ್ನರ್ ಎಂಬ ರಷ್ಯದ ಪಿಯಾನೋ ವಿದ್ವಾಂಸನು ೧೯೨೧ರಲ್ಲಿ ತಾಯ್ನಾಡನ್ನು ತೊರೆದು, ಅಲ್ಲಲ್ಲಿ ಅಲೆದು, ೧೯೩೫ರಲ್ಲಿ ಲಂಡನ್ನಿನಲ್ಲಿ ನೆಲಸಿದನು. ಎರಡನೆಯ ಮಹಾಯುದ್ಧವು ಬಂದು ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ವರಮಾನವು ನಿಂತಿತು. ೧೯೪೨ರಲ್ಲಿ ಹೃದಯರೋಗವು ಬಡಿಯಿತು. ಲೋಕವು ಅವನನ್ನು ಬಹುಮಟ್ಟಿಗೆ ಮರೆತಿತ್ತು. ಆಗ ಅವನ ಕೈಹಿಡಿದವರು ಮೈಸೂರಿನ ಜಯಚಾಮರಾಜ ಒಡೆಯರು. ಸ್ವತಃ ಪಿಯಾನೋ ಬಲ್ಲವರೂ ಕರ್ನಾಟಕ ಸಂಗೀತದ ವಾಗ್ಗೇಯಕಾರರೂ ಆದ ಮಹಾರಾಜರು ಯುದ್ಧಾನಂತರ ಮೆಡ್ಟ್ನರನ ಹೆಸರಿನಲ್ಲಿ ಸಂಘವೊಂದನ್ನು ಸ್ಥಾಪಿಸಿ, ಧನಸಹಾಯ ಮಾಡಿ, ಅವನ ಕೃತಿಗಳನ್ನು ಅವನೇ ನುಡಿಸಿ ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸುವಂತೆ ಏರ್ಪಡಿಸಿದರು. ರೋಗಿಯಾದ ಆ ವೃದ್ಧನು ತನ್ನ ಮೂರು ಪಿಯಾನೋ ಕನ್ಸರ್ಟೋಗಳನ್ನೂ ಮುದ್ರಿಸಿದನು. ಮೂರನೆಯದನ್ನು ಮಹಾರಾಜರಿಗೆ ಅಂಕಿತ ಮಾಡಿದನು. ೧೯೫೧ರಲ್ಲಿ ಅವನು ತೀರಿಕೊಂಡನು. ಆ ಮುದ್ರಿಕೆಗಳು ಇಂದಿಗೂ ಕೇಳಸಿಗುತ್ತವೆ. ಮೆಡ್ಟ್ನರನ ಕಷ್ಟವು ಅವನ ಕಲೆಗೆ ಒಳ್ಳೆಯದೆಂದು ಮಹಾರಾಜರು ಸುಮ್ಮನಿದ್ದಿದ್ದರೆ ಆ ನುಡಿಸಾಣಿಕೆಯು ಅವನೊಡನೆಯೇ ಮಣ್ಣುಗೂಡುತ್ತಿತ್ತು.

ಈ ಚರಿತ್ರೆಗಳಿಂದ ನಾವು ಗ್ರಹಿಸತಕ್ಕದ್ದೇನು? ನೋವು ಎಲ್ಲರ ಬಾಳಿನಲ್ಲಿಯೂ ಉಂಟು. ಗಾಯಕನಲ್ಲಿ ಅದು ಸೂಕ್ಷ್ಮವಾಗಿ ನಾಟಬಹುದು. ಅದು ಹಸಿಮಣ್ಣು. ವಿದ್ಯೆಯೆಂಬ ತಿಗುರಿಯೂ ಅಭ್ಯಾಸವೆಂಬ ಕೈಯೂ ಇದ್ದರೆ ಆ ಮಣ್ಣು ಗಡಿಗೆಯಾದೀತು. ಇಲ್ಲದಿದ್ದರೆ ಮಳೆಗೆ ಕರಗಿಹೋದೀತು. ಮಣ್ಣಿಗಾಗಿ ಯಾರೂ ಊರೂರು ಅಲೆಯಬೇಕಾಗಿಲ್ಲ, ಬಾಳು ಅದನ್ನು ತಾನಾಗಿಯೇ ತಂದು ಸುರಿಯುತ್ತದೆ. ಅಲೆಯಬೇಕಾದುದು ತಿಗುರಿಗಾಗಿ, ಗುರುವಿಗಾಗಿ.

ಆದುದರಿಂದ ಸಂಗೀತವನ್ನು ಕಲಿಯುವ ತರುಣರಿಗೆ ನಮ್ಮ ಸೂಚನೆಯಿಷ್ಟೆ: ಭಾವ ಬರಲಿಲ್ಲವೆಂದು ಕೊರಗಿ ಸಂಕಟವನ್ನು ಹುಡುಕಬೇಡಿರಿ, ಶ್ರುತಿಯನ್ನು ಹುಡುಕಿರಿ. ಮನೆಯ ಹಿರಿಯರಿಗೆ ನಮ್ಮ ಬಿನ್ನಹ: ಹಾಡುವ ಮಗನೋ ಮಗಳೋ ಊಟ ನಿದ್ರೆಗಳನ್ನು ಬಿಟ್ಟು, ಯಾರೊಡನೆಯೂ ಮಾತಾಡದೆ ಕತ್ತಲೆಯಲ್ಲಿ ಕುಳಿತರೆ ಅದನ್ನು ಕಲಾವಿದರ ಧಾಟಿಯೆಂದು ಬಿಡಬೇಡಿರಿ. ಮನಸ್ಸಿನ ಬೇನೆಯೂ ಕ್ಷಯದಂತೆ ಒಂದು ಬೇನೆಯೇ, ಅದಕ್ಕೂ ಚಿಕಿತ್ಸೆಯುಂಟು. ಬೆಂಗಳೂರಿನಲ್ಲಿ ೧೯೭೪ರಿಂದ ನಿಮ್ಹಾನ್ಸ್ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಸಂಸ್ಥೆಯು ಬೂದಿಗೆರೆಯಿಂದ ಅರ್ಧ ದಿನದ ದಾರಿಯೂ ಅಲ್ಲ. ಕುಮಾರ ಗಂಧರ್ವರಿಗೆ ಔಷಧವು ಸಕಾಲಕ್ಕೆ ದೊರೆಯಿತು. ಅದರಿಂದ ನಮಗೆ ನಲವತ್ತು ವರ್ಷಗಳ ಗಾನವು ದೊರೆಯಿತು. ಶೂಮನ್ನನಿಗೆ ಅವನ ಕಾಲದಲ್ಲಿ ಔಷಧವೇ ಇರಲಿಲ್ಲ.

ಇನ್ನು ಕೇಳುವವರಾದ ನಮ್ಮ ಹೊಣೆ. ಹಾಡು ಕೇಳಿ ಕಣ್ಣು ತುಂಬಿದಾಗ, ಆ ಕಣ್ಣೀರಿನ ಬೆಲೆಯನ್ನು ಗಾಯಕನು ತನ್ನ ಸುಖದಿಂದಲೇ ತೆರಬೇಕೆಂದು ಬಯಸುವುದು ರಸಿಕತೆಯಲ್ಲ. ಜಾತ್ರೆಗೆ ಬಂದ ಹರಿಕಥೆಯ ದಾಸರಿಗೆ, ಭಜನೆಮನೆಯ ತಂಬೂರಿಯವನಿಗೆ, ಸೋಬಾನೆ ಹೇಳುವ ಮುದುಕಿಗೆ ಹೊಟ್ಟೆ ತಂಪಾಗಿದ್ದರೆ ಅವರ ಹಾಡಿನ ಕರುಣವೇನೂ ಕಡಮೆಯಾಗದು. ಕರುಣರಸವು ಅವರ ಕಂಠದಲ್ಲಿರಲಿ, ಕರುಣೆಯು ನಮ್ಮಲ್ಲಿರಲಿ.